ರೀಗಾದಲ್ಲಿ ಕೋಣೆ ಒಂದೇ, ದಿನಕ್ಕೊಂದು ಊರು

ರೀಗಾಕ್ಕೆ ಬರುವ ನಮ್ಮವರದ್ದು ಒಂದೇ ಹಟ: ನಾಲ್ಕು ದಿನದಲ್ಲಿ ಮೂರು ದೇಶ ಮುಗಿಸಬೇಕು. ಇಲ್ಲಿಂದ ಎಸ್ಟೋನಿಯಾದ ಟಾಲಿನ್‌ಗೂ ಲಿಥುವೇನಿಯಾದ ವಿಲ್ನಿಯಸ್‌ಗೂ ಬಸ್ಸಿನಲ್ಲಿ ಹೆಚ್ಚುಕಮ್ಮಿ ನಾಲ್ಕು ನಾಲ್ಕು ಗಂಟೆ ಬೇಕು. ರಜೆಯೆಲ್ಲ ಕಿಟಕಿ ಪಕ್ಕದಲ್ಲೇ ಕಳೆಯುತ್ತದೆ. ಸುಮ್ನೆ ಲಾಟ್ವಿಯಾದ ಈ ರಾಜಧಾನಿಯಲ್ಲೇ ಒಂದು ಕೋಣೆ ಹಿಡಿಯಿರಿ, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬನ್ನಿ. ಕೋಣೆ ರೈಲು ನಿಲ್ದಾಣಕ್ಕೆ ಹತ್ತಿರ ಇರಲಿ. ಬಸ್ ಸ್ಟ್ಯಾಂಡೂ ಮಾರ್ಕೆಟ್ಟೂ ಅಲ್ಲೇ ಇವೆ.

ಮೊದಲು ವೀಸಾ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಶೆಂಗೆನ್ ವೀಸಾ ಸಾಕು, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಇರಬೇಕು. ವಿಮಾನ ನಿಲ್ದಾಣದಿಂದ 22ನೇ ನಂಬರ್ ಬಸ್ ಊರೊಳಗೆ ಬರುತ್ತದೆ. ಟ್ಯಾಕ್ಸಿ ಬೇಡ.

ಮೊದಲ ದಿನ ಊರು. ಸೇಂಟ್ ಪೀಟರ್ ಚರ್ಚಿನ ಗೋಪುರಕ್ಕೆ ಲಿಫ್ಟಿನಲ್ಲಿ ಹೋದರೆ 72 ಮೀಟರ್ ಎತ್ತರದಿಂದ ಹಳೆಯ ಊರೆಲ್ಲ ಕಾಣುತ್ತದೆ. ಆಲ್ಬರ್ಟಾ ಬೀದಿಯಲ್ಲಿ ಕತ್ತು ಮೇಲೆತ್ತಿ ನಡೆಯಿರಿ. ಮುಖಗಳು, ಸಿಂಹಗಳು ತುಂಬಿದ ಆ ಕಟ್ಟಡಗಳಲ್ಲಿ ಹಲವು ಮಿಖಾಯಿಲ್ ಐಸೆನ್‌ಸ್ಟೈನ್ ಕಟ್ಟಿದ್ದು. ಸಿನಿಮಾ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್ ಅವರ ಮಗ. ಮಧ್ಯಾಹ್ನ ಮಾರ್ಕೆಟ್ಟು. 1930ರಲ್ಲಿ ಶುರುವಾದ ಇದರ ಐದು ಮಂಟಪಗಳನ್ನು ಕಟ್ಟಿದ್ದು ಜೆಪ್ಪೆಲಿನ್ ವಾಯುನೌಕೆಗಳ ಶೆಡ್‌ಗಳನ್ನು ಬಿಚ್ಚಿ ತಂದು.

ಸಸ್ಯಾಹಾರಿಗಳೇ, ಬೂದು ಬಟಾಣಿಯ ಪಲ್ಯ ಕಂಡು ಕಡಲೆ ಉಸ್ಲಿ ಅಂತ ಖುಷಿಪಡಬೇಡಿ. ಅದರಲ್ಲಿ ಹಂದಿಮಾಂಸದ ಚೂರು ಇದ್ದೇ ಇರುತ್ತದೆ. 'ಬೆಜ಼್ ಗಲ್ಯಾಸ್', ಅಂದರೆ ಮಾಂಸವಿಲ್ಲದೆ, ಅಂತ ಕೇಳಿ. ಆಲೂಗೆಡ್ಡೆ ದೋಸೆಗೆ ಹುಳಿ ಕೆನೆ ಹಚ್ಚಿಕೊಂಡು ತಿಂದರೆ ಹೊಟ್ಟೆ ತುಂಬುತ್ತದೆ. ಹಳೆಯ ಊರಿನ ಗಾಡಿಗಳಲ್ಲಿ ಅಂಬರ್ (ಕಲ್ಲಿನಂತಾದ ಹಳೇ ಮರದ ಅಂಟು) ಸರ ಕೊಳ್ಳಲೇಬೇಡಿ. ನಿಜವಾದ ಅಂಬರ್ ಗಟ್ಟಿ ಉಪ್ಪುನೀರಿನಲ್ಲಿ ತೇಲುತ್ತದೆ. ನಾನು ಕೊಂಡ ಸರ ಲೋಟದ ತಳಕ್ಕೆ ಹೋಗಿ ಕೂತಿತು.

ಎರಡನೇ ದಿನ ಯೂರ್ಮಲಾ ಕಡಲತೀರ. ರೈಲಿನಲ್ಲಿ ಅರ್ಧ ಗಂಟೆ. ಬೋರ್ಡಿನಲ್ಲಿ 'ಯೂರ್ಮಲಾ' ಅಂತ ಹುಡುಕುತ್ತಾ ನಿಲ್ಲಬೇಡಿ, ಆ ಹೆಸರಿನ ನಿಲ್ದಾಣವೇ ಇಲ್ಲ. ಮಯೋರಿಯಲ್ಲಿ ಇಳಿಯಿರಿ. ನಿಲ್ದಾಣದ ಒಂದು ಕಡೆ ಲಿಯೆಲುಪೆ ನದಿ, ಇನ್ನೊಂದು ಕಡೆ ಯೋಮಾಸ್ ಬೀದಿ. ಬೀದಿ ದಾಟಿದರೆ ಕಡಲು.

ಮೂರನೇ ದಿನ ಸಿಗುಲ್ಡಾ. ಇದೂ ರೈಲೇ. ಗೌಯಾ ಕಣಿವೆ ದಾಟುವ ಕೇಬಲ್ ಕಾರು, ಆಚೆ ಟುರಾಯ್ಡಾದ ಕೆಂಪು ಇಟ್ಟಿಗೆಯ ಕೋಟೆ. ತಪ್ಪುವಂಥದ್ದೇನೂ ಇಲ್ಲ.

ನಾಲ್ಕನೇ ದಿನ ರುಂಡಾಲೆ ಅರಮನೆ. ಎಲ್ಲರೂ ಎಡವುವುದು ಇಲ್ಲೇ. ಸೇಂಟ್ ಪೀಟರ್ಸ್‌ಬರ್ಗಿನ ಚಳಿಗಾಲದ ಅರಮನೆ ಕಟ್ಟಿದ ರಾಸ್ಟ್ರೆಲ್ಲಿಯೇ ಇದರ ಕೆಲಸ ಶುರುಮಾಡಿದ್ದು, 1736ರಲ್ಲಿ. ಅಲ್ಲಿಗೆ ರೈಲಿಲ್ಲ. ಮೊದಲು ಬೌಸ್ಕಾಕ್ಕೆ ಬಸ್, ಸುಮಾರು ಒಂದೂಕಾಲು ಗಂಟೆ. ಅಲ್ಲಿಂದ ಇನ್ನೊಂದು ಬಸ್, ಹನ್ನೆರಡು ಕಿಲೋಮೀಟರು. ಈ ಎರಡನೇ ಬಸ್ ದಿನಕ್ಕೆ ಕೆಲವೇ ಸಲ. ಹಾಗಾಗಿ ಲೆಕ್ಕ ಹಿಂದಿನಿಂದ ಹಾಕಿ: ಮೊದಲು ವಾಪಸ್ ಬರುವ ಕೊನೆಯ ಬಸ್ ನೋಡಿ, ಆಮೇಲೆ ಹೋಗುವುದು. ವೇಳಾಪಟ್ಟಿಯಲ್ಲಿ ವಾರದ ದಿನಗಳನ್ನು ಅಂಕಿಯಲ್ಲಿ ಬರೆದಿದ್ದರೆ 1 ಅಂದರೆ ಸೋಮವಾರ, ಭಾನುವಾರ ಅಲ್ಲ. ಲಾಟ್ವಿಯನ್ ಭಾಷೆಯಲ್ಲಿ ಸೋಮವಾರದ ಹೆಸರೇ 'ಪಿರ್ಮ್‌ದಿಯೆನಾ', ಮೊದಲ ದಿನ. ನಮ್ಮ ಭಾವ 7 ಅಂದರೆ ಶನಿವಾರ ಅಂತ ಲೆಕ್ಕ ಹಾಕಿ, ಅಕ್ಕನನ್ನೂ ಇಬ್ಬರು ಮಕ್ಕಳನ್ನೂ ಮಳೆಯಲ್ಲಿ ಎರಡು ಗಂಟೆ ನಿಲ್ಲಿಸಿದ್ದರು. ಅಕ್ಕ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಡ್ರೈವರಿಗೆ ಬರೀ ರುಂಡಾಲೆ ಅನ್ನಬೇಡಿ, 'ಪಿಲ್ಸ್‌ರುಂಡಾಲೆ' ಅನ್ನಿ. ಪಿಲ್ಸ್ ಅಂದರೆ ಅರಮನೆ. ಬರೀ ರುಂಡಾಲೆ ಅದಕ್ಕೂ ಮುಂದಿನ ಹಳ್ಳಿ.

ಡಿಸೆಂಬರಿನಲ್ಲಿ ಈ ಅರಮನೆಯನ್ನು ಬಿಟ್ಟುಬಿಡಿ. ಬೆಳಕಾಗುವುದೇ ಒಂಬತ್ತಕ್ಕೆ, ನಾಲ್ಕಕ್ಕೆ ಮೊದಲೇ ಕತ್ತಲು. ಜೂನ್ ಆದರೆ ರಾತ್ರಿ ಹತ್ತರವರೆಗೂ ಬೆಳಕು, ತೋಟದಲ್ಲಿ ಗುಲಾಬಿ ಬೇರೆ.

ಬೌಸ್ಕಾದಲ್ಲಿ ಬಸ್ ತಪ್ಪಿದರೆ ನಿಲ್ದಾಣದಲ್ಲಿ ಕೂತು ಕೊರಗಬೇಡಿ, ಕೋಟೆಯ ಕಡೆ ನಡೆಯಿರಿ. ಮೂಸಾ, ಮೇಮೆಲೆ ಎರಡೂ ನದಿ ಅಲ್ಲೇ ಸೇರುತ್ತವೆ. ಸೇರಿದ ಮೇಲೆ ಹೆಸರು ಲಿಯೆಲುಪೆ, ಮೊನ್ನೆ ಮಯೋರಿ ನಿಲ್ದಾಣದ ಪಕ್ಕ ಕಂಡ ಅದೇ ನದಿ.