ಮೊಬೈಲ್ ಸ್ಟಾರ್ಟರ್: ಮೊದಲು ಸಿಡಿಲಿನ ಮಳೆ, ಆಮೇಲೆ ಮೋಲ್ಡ್

ಪಂಪ್‌ಸೆಟ್ಟನ್ನು ಫೋನಿನಿಂದಲೇ ಚಾಲೂ, ಬಂದ್ ಮಾಡುವ ಮೊಬೈಲ್ ಸ್ಟಾರ್ಟರನ್ನು ಅಂಗಡಿಯಲ್ಲಿ ಸಿಗುವ ಸಾದಾ ಎಬಿಎಸ್ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮೊದಲ ಐವತ್ತು ಪೀಸ್ ಮಾರುತ್ತೇನೆ ಅಂದಾಗ ಅಚ್ಚು ಮಾಡುವ ಪೀಣ್ಯದ ಟೂಲ್‌ರೂಮಿನವರೂ ಒಪ್ಪಲಿಲ್ಲ, ಡೀಲರುಗಳೂ ಒಪ್ಪಲಿಲ್ಲ. ಸ್ವಂತ ಮೋಲ್ಡ್ (ಡಬ್ಬಿ ತಯಾರಿಸುವ ಉಕ್ಕಿನ ಅಚ್ಚು) ಇಲ್ಲದ ಮಾಲನ್ನು ಯಾರೂ ಮುಟ್ಟುವುದಿಲ್ಲ ಎನ್ನುವುದೇ ಎಲ್ಲರ ಮಾತು. ಈಗ ಎರಡು ಸೀಸನ್ ಕಳೆದಿದೆ, ರಿಪೇರಿಗೆ ವಾಪಸ್ ಬರುವುದು ನೂರಕ್ಕೆ ಎರಡೋ ಮೂರೋ. ಈ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನವು.

ಪ್ಲಾನ್ ಎಲ್ಲ ಇರುವುದು ಕ್ಯಾಲೆಂಡರಿನಲ್ಲಿ. ರೈತರು ಇದನ್ನು ಕೊಳ್ಳುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಬೋರ್‌ವೆಲ್ಲೇ ಗತಿಯಾದಾಗ. ಸ್ಟಾರ್ಟರಿನೊಳಗಿನ ಸರ್ಕ್ಯೂಟ್ ಬೋರ್ಡ್ ಸುಡುವುದು ಅಶ್ವಿನಿ, ಭರಣಿ ಮಳೆಯ ಸಿಡಿಲಿಗೆ, ಏಪ್ರಿಲ್-ಮೇನಲ್ಲಿ. ಹಾಗಾಗಿ ಮಾರ್ಚ್ ಮುಗಿಯುವುದರೊಳಗೆ ಐವತ್ತು ಪೀಸ್ ತುಮಕೂರು, ಚಿತ್ರದುರ್ಗದ ಕಡೆಯ ತೋಟಗಳಲ್ಲಿ ಕೂತಿರಬೇಕು. ಜೂನ್‌ನಲ್ಲಿ ಬೋರ್ಡ್ ತಿದ್ದುಪಡಿ, ಜುಲೈನಲ್ಲಿ ಮೋಲ್ಡ್ ಆರ್ಡರ್, ನವೆಂಬರ್‌ಗೆ ಐನೂರು ಪೀಸ್. ಸಿಡಿಲು ನೋಡದ ಬೋರ್ಡಿಗೆ ಮೊದಲೇ ಮೋಲ್ಡ್ ಮಾಡಿಸಿದರೆ, ಟರ್ಮಿನಲ್ ಜಾಗ ನಾಲ್ಕು ಮಿಲಿಮೀಟರ್ ಸರಿದ ದಿನವೇ ಆ ಉಕ್ಕು ಗುಜರಿಗೆ ಹೋಗುತ್ತದೆ.

ಐವತ್ತರಲ್ಲಿ ಹತ್ತು-ಹನ್ನೆರಡು ಮೇ ಕೊನೆಯೊಳಗೆ ಸತ್ತವು. ಹೆಚ್ಚಿನವು ಪವರ್ ಸಪ್ಲೈ. ಎರಡು ಫೇಸ್ ನಡುವೆ 415 ವೋಲ್ಟ್ ಎನ್ನುವುದು ಹೆಸರಿಗೆ. ರಾತ್ರಿ ಲೋಡ್ ಇಳಿದರೆ 480 ಮುಟ್ಟುತ್ತದೆ, ರೆಕ್ಟಿಫೈ ಆದ (ಎಸಿ ಡಿಸಿಯಾದ) ಮೇಲೆ ಅದು 680 ವೋಲ್ಟ್ ಡಿಸಿ. 450 ವೋಲ್ಟಿನ ಎರಡು ಕೆಪಾಸಿಟರ್ ಸೀರೀಸ್‌ನಲ್ಲಿದ್ದರೂ ಲೀಕೇಜ್ (ಸೋರುವ ಕರೆಂಟ್) ಸಮ ಇರುವುದಿಲ್ಲ, ಒಂದರ ಮೇಲೇ ಹೊರೆ ಬಿದ್ದು ಉಬ್ಬುತ್ತದೆ. ಒಂದೊಂದಕ್ಕೂ 220 ಕಿಲೋಓಮಿನ ಎರಡೆರಡು ಅರ್ಧ ವ್ಯಾಟ್ ರೆಸಿಸ್ಟರ್ ಸೀರೀಸ್ ಮಾಡಿ ಅಡ್ಡ ಹಾಕಿದ ಮೇಲೆ ಆ ಕಾಟ ನಿಂತಿತು. ಎರಡರ ಬದಲು ಒಂದೇ ದೊಡ್ಡ ಬೆಲೆಯ ಕಾಲು ವ್ಯಾಟಿನದು ಹಾಕಿದರೆ ಅದರ ವೋಲ್ಟೇಜ್ ಮಿತಿಯೇ ಅಂಚಿಗೆ ಬರುತ್ತದೆ. ಫೇಸ್-ಫೇಸ್ ನಡುವೆ 275 ವೋಲ್ಟಿನ ವೇರಿಸ್ಟರ್ (ವೋಲ್ಟೇಜಿನ ಹೊಡೆತ ನುಂಗುವ ಬಿಡಿಭಾಗ) ನಡೆಯುವುದೇ ಇಲ್ಲ. 550 ವೋಲ್ಟ್ ಎಸಿ ತಾಳುವ 20ಡಿ911ಕೆ ಬೇಕು, ಅದರ ಮುಂದೆ ಫ್ಯೂಸಿನಂತೆ ಕಡಿದುಹೋಗುವ ಫ್ಯೂಸಿಬಲ್ ರೆಸಿಸ್ಟರ್ ಬೇಕು. ವೇರಿಸ್ಟರ್ ಸಾಯುವಾಗ ಶಾರ್ಟ್ ಆಗಿಯೇ ಸಾಯುವುದು ಹೆಚ್ಚು, ಮುಂದೆ ಏನೂ ಕಡಿಯದಿದ್ದರೆ ಟ್ರ್ಯಾಕ್ ಉರಿಯುತ್ತದೆ.

ಉಳಿದವು ರಿಲೇ (ಬೋರ್ಡಿನ ಮೇಲಿನ ಸ್ವಿಚ್). ಮೋಟರಿಗೆ ಕರೆಂಟ್ ಹರಿಸುವ ಕಾಂಟ್ಯಾಕ್ಟರಿನ ಕಾಯಿಲ್ ಬಿಡುವಾಗ ಬರುವ ಹೊಡೆತಕ್ಕೆ ಸಿಮ್ ಇರುವ ಮಾಡ್ಯೂಲ್ ರೀಸೆಟ್ ಆಗುತ್ತಿತ್ತು. 100 ಓಮ್, 0.1 ಮೈಕ್ರೋಫ್ಯಾರಡ್‌ನ, ಆ ಹೊಡೆತ ತಗ್ಗಿಸುವ ಸ್ನಬ್ಬರ್ ಸಾಕಾಯಿತು, ಆದರೆ ಕೆಪಾಸಿಟರ್ ಲೈನಿನ ಪೂರ್ತಿ ವೋಲ್ಟೇಜ್ ತಾಳುವ ಎಸಿ ರೇಟಿಂಗಿನದೇ ಆಗಿರಬೇಕು. ಓಪನ್ ರಿಲೇ ಒಳಗೆ ಇರುವೆ ಸೇರಿ ಕಾಂಟ್ಯಾಕ್ಟ್ ಕೂರದಂತೆ ಮಾಡುತ್ತದೆ, ಸೀಲ್ಡ್ ರಿಲೇಯೇ ತೆಗೆದುಕೊಳ್ಳಿ. ಕೇಬಲ್ ತೂತಿಗೆ ನಾನು ತುಂಬುವ ಮಿಶ್ರಣವನ್ನು ಇಲ್ಲಿ ಬರೆಯುವುದಿಲ್ಲ.

2ಜಿ ಮಾಡ್ಯೂಲ್ ಅಗ್ಗ. ಆದರೆ ಜಿಯೋದಲ್ಲಿ 2ಜಿಯೇ ಇಲ್ಲ, ಎಷ್ಟೋ ಹಳ್ಳಿಗಳಲ್ಲಿ ಸಿಗ್ನಲ್ ಇರುವುದು ಜಿಯೋದ್ದೇ. ನಾನೂರೋ ಐನೂರೋ ಹೆಚ್ಚಾದರೂ 4ಜಿಯ ಕ್ಯಾಟ್-1 (ಕಡಿಮೆ ವೇಗದ) ಮಾಡ್ಯೂಲನ್ನೇ ಹಾಕಿದೆ. ಇಟಿಎ (ರೇಡಿಯೋ ಉಪಕರಣಕ್ಕೆ ಸರ್ಕಾರ ಕೊಡುವ ಅನುಮೋದನೆ) ಪ್ರಮಾಣಪತ್ರದ ಪ್ರತಿ ಕೈಗೆ ಬರದೆ ಮಾಡ್ಯೂಲಿಗೆ ಪಿಒ (ಖರೀದಿ ಆರ್ಡರ್) ಕೊಡಬೇಡಿ. ಸರ್ಜ್, ಇಎಫ್‌ಟಿ ಟೆಸ್ಟನ್ನು (ಲೈನಿನಲ್ಲಿ ಬರುವ ವೋಲ್ಟೇಜ್ ಹೊಡೆತಗಳನ್ನು ಬೋರ್ಡ್ ತಾಳುತ್ತದೆಯೇ ಎಂಬ ಪರೀಕ್ಷೆ) ಮೋಲ್ಡ್ ಆರ್ಡರಿಗೆ ಮುಂಚೆಯೇ ಲ್ಯಾಬಿನಲ್ಲಿ ಗಂಟೆ ಲೆಕ್ಕದಲ್ಲಿ ಮಾಡಿಸಿಕೊಳ್ಳಿ. ಅಲ್ಲಿ ಹೋದ ಹದಿನೈದು-ಇಪ್ಪತ್ತು ಸಾವಿರ ಮುಂದೆ ಎರಡು ಲಕ್ಷ ಉಳಿಸುತ್ತದೆ.

ಡ್ರೈ ರನ್, ಅಂದರೆ ನೀರಿಲ್ಲದೆ ಪಂಪ್ ಓಡುವುದನ್ನು, ಹಿಡಿಯಲು ಬರೀ ಕರೆಂಟ್ ನೋಡಿದರೆ ಮೋಸ. 5 ಎಚ್‌ಪಿ ಮೋಟರ್ 7 ಆಂಪಿಯರ್ ಆಚೀಚೆ ಅಂತ ಪುಸ್ತಕದ ಲೆಕ್ಕ; ಎರಡು ಸಲ ವೈಂಡಿಂಗ್ ಆದ ಮೋಟರಿಗೆ ಅದು ಹೊಂದುವುದಿಲ್ಲ. ನೀರಿಲ್ಲದಾಗ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜ ಕೆಲಸಕ್ಕೆ ಬರುವ ಪಾಲು) ಕರೆಂಟಿಗಿಂತ ಹೆಚ್ಚು ಕುಸಿಯುತ್ತದೆ, ಅದನ್ನು ಅಳೆಯಿರಿ. ಎಷ್ಟಕ್ಕೆ, ಎಷ್ಟು ಹೊತ್ತಿಗೆ ಟ್ರಿಪ್ ಎನ್ನುವುದು ನನ್ನಲ್ಲೇ ಇರಲಿ.

ಇನ್ನೊಂದು ವಿಷಯ ಟೀಸಿಯ (ಟ್ರಾನ್ಸ್‌ಫಾರ್ಮರ್) ಹತ್ತಿರ ನಿಂತರೆ ಮಾತ್ರ ಗೊತ್ತಾಗುತ್ತದೆ. ತ್ರೀಫೇಸ್ ಬಂದ ಕ್ಷಣ ಎಲ್ಲ ಆಟೋ ಸ್ಟಾರ್ಟರ್‌ಗಳೂ ಒಟ್ಟಿಗೆ ಎಳೆಯುತ್ತವೆ, ವೋಲ್ಟೇಜ್ ಕುಸಿದು ಎಲ್ಲವೂ ಟ್ರಿಪ್. ಪ್ರತಿ ಬೋರ್ಡಿಗೂ ಹತ್ತು ಸೆಕೆಂಡಿನಿಂದ ಮೂರು ನಿಮಿಷದವರೆಗೆ ಬೇರೆಬೇರೆ ತಡ ಕೊಟ್ಟೆ. ಸಾಫ್ಟ್‌ವೇರ್ ಕೆಲಸ, ಖರ್ಚು ಸೊನ್ನೆ. ಡೀಲರುಗಳು ಈಗ ಇದನ್ನೇ ಹೇಳಿ ಮಾರುತ್ತಾರೆ.

ನಡುವೆ ಲೋರಾ (ಸಿಮ್ ಇಲ್ಲದೆ ದೂರ ಹೋಗುವ ರೇಡಿಯೋ) ಕೂಡ ನೋಡಿದೆ, ದೂರದ ಗೇಟ್‌ವಾಲ್ವ್ ತಿರುಗಿಸಲು. 865ರಿಂದ 868 ಮೆಗಾಹರ್ಟ್ಜ್‌ಗೆ ಲೈಸೆನ್ಸ್ ಬೇಡ. ಬಯಲಿನಲ್ಲಿ ಒಂದೂವರೆ ಕಿಲೋಮೀಟರ್ ಸಲೀಸು. ಮಳೆ ನಿಂತ ಅಡಿಕೆ ತೋಟದಲ್ಲಿ ನಾನೂರು ಮೀಟರಿಗೇ ತಡವರಿಸಿತು. ಆಂಟೆನಾವನ್ನು ಸೋಗೆಗಿಂತ ಮೇಲೇರಿಸಿದರೆ ದಾರಿ ಇದೆ, ಆದರೆ ಆ ಕಂಬದ ಖರ್ಚು ಯಾರದು? ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ.

ದುಡ್ಡಿನ ಮಾತು. ಬೋರ್ಡ್, ಡಬ್ಬಿ, ಆಂಟೆನಾ ಸೇರಿ ಸಾಮಾನಿಗೆ ಸಾವಿರದ ಐನೂರರ ಆಸುಪಾಸು. ಮಾರಾಟ ಬೆಲೆ ನಾಲ್ಕೂವರೆ ಸಾವಿರಕ್ಕೆ ಇಳಿಸಬೇಡಿ. ಡೀಲರ್‌ಗೆ ನೂರಕ್ಕೆ ಇಪ್ಪತ್ತು, ಕೂರಿಸುವ ಎಲೆಕ್ಟ್ರಿಷಿಯನ್‌ಗೆ ಮುನ್ನೂರು, ಮೇಲೆ ಜಿಎಸ್‌ಟಿ, ವಾರಂಟಿ. ಸಾಮಾನಿನ ಖರ್ಚಿನ ಮೂರು ಪಟ್ಟಿಗಿಂತ ಕಡಿಮೆಗೆ ಇಳಿದರೆ ಎರಡನೇ ಲಾಟಿಗೆ ಕೈಯಲ್ಲಿ ಕಾಸಿರುವುದಿಲ್ಲ. ಮೋಲ್ಡಿಗೆ ಎರಡೂ ಭಾಗ ಸೇರಿ ನಾಲ್ಕು ಲಕ್ಷದ ಮೇಲಾಯಿತು. ಬೋರ್ಡ್ ಇಟ್ಟು ಪರೀಕ್ಷಿಸುವ ಟೆಸ್ಟ್ ಜಿಗ್‌ಗೆ ಮೂವತ್ತು-ಮೂವತ್ತೈದು ಸಾವಿರ, ಅದನ್ನು ಮೋಲ್ಡಿಗಿಂತ ಮೊದಲೇ ಮಾಡಿಸಿದೆ: ಪೋಗೋ ಪಿನ್ (ಸ್ಪ್ರಿಂಗ್ ಪಿನ್), ಒಂದೂವರೆ ಮಿಲಿಮೀಟರ್ ಟೆಸ್ಟ್ ಪಾಯಿಂಟ್, ಒಂದು ನಿಮಿಷದೊಳಗೆ ಪಾಸ್ ಅಥವಾ ಫೇಲ್. ಕೈಯಲ್ಲಿ ಮೀಟರ್ ಹಿಡಿದು ಐನೂರು ಬೋರ್ಡ್ ನೋಡಲು ಆಗುವುದಿಲ್ಲ.

ಡೀಲರ್ ಸಾಲ ನಲವತ್ತೈದು ದಿನ ಅಂದರೂ ಎರಡು ತಿಂಗಳು ಹಿಡಿಯಿರಿ. ಪ್ರತಿ ಇಪ್ಪತ್ತು ಪೀಸಿಗೆ ಒಂದು ಬದಲಿ ಬೋರ್ಡನ್ನು ಡೀಲರ್ ಬಳಿಯೇ ಇಟ್ಟಿರಿ. ಪಂಪ್ ನಿಂತ ರೈತ ಬೆಂಗಳೂರಿನಿಂದ ಕೊರಿಯರ್ ಬರುವವರೆಗೆ ಕಾಯುವುದಿಲ್ಲ, ಹಳೇ ಸ್ಟಾರ್ಟರಿನ ಹಸಿರು ಬಟನ್ನಿಗೇ ಹೋಗುತ್ತಾನೆ.