ಲ್ಯಾಟಿನ್ ಕ್ರಿಯಾಪದ ಕಲಿಯೋಕೆ ನನಗೆ ಕನ್ನಡ ಅಕ್ಷರಾನೇ ದಾರಿ ಆಯ್ತು

ನಮ್ಮ ಚರ್ಚಿನ ಕ್ವಾಯರ್‌ನಲ್ಲಿ ದೊಡ್ಡ ಹಬ್ಬದ ಬಲಿಪೂಜೆಗಳಿಗೆ ಗ್ಲೋರಿಯಾ (ದೇವರ ಸ್ತುತಿಗೀತೆ), ಕ್ರೇದೋ (ವಿಶ್ವಾಸ ಪ್ರಮಾಣ) ಎರಡೂ ಲ್ಯಾಟಿನ್‌ನಲ್ಲೇ ಹಾಡ್ತೀವಿ. ಬಾಯಿಗೆ ಬಂದಿದ್ದು ತಲೆಗೂ ಹೋಗ್ಲಿ ಅಂತ ಕಲಿಯೋಕೆ ಕೂತೆ. ಎಲ್ಲರೂ ಮೊದಲು ಕೈಗೆ ಕೊಡೋದು ಕ್ರಿಯಾಪದದ ರೂಪಗಳ ದೊಡ್ಡ ಟೇಬಲ್, ನಾನು ಅದನ್ನ ಪಕ್ಕಕ್ಕಿಟ್ಟು ಹಾಡಿಂದಾನೇ ಶುರು ಮಾಡಿದೆ.

ಗ್ಲೋರಿಯಾದಲ್ಲಿ ಲೌದಾಮುಸ್, ಬೆನೆದೀಚಿಮುಸ್, ಅದೋರಾಮುಸ್ ಅಂತ ಸಾಲಾಗಿ ಬರುತ್ತಲ್ಲ, ಸ್ತುತಿಸ್ತೀವಿ, ಕೊಂಡಾಡ್ತೀವಿ, ಆರಾಧಿಸ್ತೀವಿ, ಎಲ್ಲದರ ಕೊನೆಗೂ 'ಮುಸ್' ಇದೆ, ಅದೇ ನಮ್ಮ 'ತೀವಿ'ಯ ಕೊನೇಲಿರೋ 'ವಿ' ಮಾಡೋ ಕೆಲಸ. ನಾನು, ನಾವು ಅಂತ ಬೇರೆ ಹೇಳೋದೇ ಬೇಡ, ಕ್ರಿಯಾಪದದಲ್ಲೇ ಗೊತ್ತಾಗುತ್ತೆ. ಕನ್ನಡದವ್ರಿಗೆ ಇದು ಹೊಸದೇ ಅಲ್ಲ. ನಾನು, ನೀನು, ಅವನು, ನಾವು, ನೀವು, ಅವರು ಅನ್ನೋಕೆ ಕ್ರಮವಾಗಿ ಓ, ಸ್, ತ್, ಮುಸ್, ತಿಸ್, ನ್ತ್, ಈ ಆರು ಪ್ರತ್ಯಯ ಬೇಗ ಕೂತುಬಿಡುತ್ತೆ, ಅದ್ರಲ್ಲೂ ಅವನು ಅವಳು ಅದು ಮೂರಕ್ಕೂ ಒಂದೇ 'ತ್', ಕನ್ನಡಕ್ಕಿಂತ ಸುಲಭ.

ಕಷ್ಟ ಇರೋದು ಕ್ರಿಯಾಪದ ಯಾವ ಗುಂಪಿಗೆ ಸೇರಿದ್ದು ಅಂತ ಕಂಡುಹಿಡಿಯೋದ್ರಲ್ಲಿ. ಒಟ್ಟು ನಾಲ್ಕು ಗುಂಪು, 'ರೆ' ಅಂತ ಮುಗಿಯೋ ಮೂಲರೂಪದಲ್ಲಿ ಅದು ಕಾಣುತ್ತೆ. ಎಷ್ಟೋ ಪುಸ್ತಕದಲ್ಲಿ ಎರಡನೇ ಗುಂಪು ಮೂರನೇ ಗುಂಪು ಎರಡೂ ಒಂದೇ ಥರ ಅಚ್ಚಾಗಿರುತ್ತೆ, ಇಲ್ಲಾಂದ್ರೆ ದೀರ್ಘ ಅಂತ ತೋರಿಸೋಕೆ ಅಕ್ಷರದ ಮೇಲೆ ಒಂದು ಸಣ್ಣ ಅಡ್ಡಗೆರೆ ಇರುತ್ತೆ, ಕಣ್ಣಿಗೆ ಬೀಳೋದೇ ಇಲ್ಲ. ನಾನು ನೋಟ್ಸಲ್ಲಿ ಕನ್ನಡದಲ್ಲೇ ಬರ್ಕೊಂಡೆ: ಲೌದಾರೆ (ಸ್ತುತಿಸೋದು), ಸೆದೇರೆ (ಕೂರೋದು), ತೊಲ್ಲೆರೆ (ನೀಗಿಸೋದು), ಔದೀರೆ (ಕೇಳೋದು). 'ರೆ'ಗೆ ಮುಂಚೆ ಬರೋ ಸ್ವರ ನೋಡಿ: ಆ, ಏ, ಎ, ಈ. ನಮ್ಮಲ್ಲಿ ಎ ಬೇರೆ ಏ ಬೇರೆ ಇರೋದ್ರಿಂದ ಗುಂಪು ತಾನಾಗೇ ಬೇರೆ ಆಯ್ತು! ವೆನಿತ್ ಅಂದ್ರೆ ಬರ್ತಾನೆ, ವೇನಿತ್ ಅಂದ್ರೆ ಬಂದ, ಇದೂ ಅಷ್ಟೇ, ಬರೆದ್ರೆ ಸಾಕು ಗೊತ್ತಾಗುತ್ತೆ.

ಈ ಗುಂಪಿನ ವಿಷಯ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ ಭವಿಷ್ಯತ್ಕಾಲ ನಿಂತಿರೋದೇ ಇದರ ಮೇಲೆ. ಗ್ಲೋರಿಯಾದಲ್ಲೇ 'ಕ್ವಿ ತೊಲ್ಲಿಸ್' ಅಂತಿದೆ, ಪಾಪ ನೀಗಿಸುವವನೇ ಅಂತ, ಸ್ವಲ್ಪ ಮುಂದೆ 'ಕ್ವಿ ಸೆದೇಸ್', ಬಲಗಡೆ ಕೂತಿರುವವನೇ ಅಂತ. ಎರಡೂ ವರ್ತಮಾನವೇ. ಆದ್ರೆ ತೊಲ್ಲಿಸ್ ಹೋಗಿ ತೊಲ್ಲೇಸ್ ಆದ್ರೆ 'ಮುಂದೆ ನೀಗಿಸ್ತೀಯ' ಅಂತ ಆಗಿಬಿಡುತ್ತೆ, ಸೆದೇಸ್‌ನಲ್ಲಿ ಅದೇ 'ಏಸ್' ಈಗಿನದು, ಅದಕ್ಕೆ ಭವಿಷ್ಯತ್ತು ಬೇಕಂದ್ರೆ ಸೆದೇಬಿಸ್ ಅನ್ಬೇಕು. ಮೊದಲ ಎರಡು ಗುಂಪಿಗೆ 'ಬಿ' ಬರುತ್ತೆ, ಕೊನೆಯ ಎರಡಕ್ಕೆ ಸ್ವರ ಬದಲಾಗುತ್ತೆ. ಪ್ರತ್ಯಯ ಒಂದನ್ನೇ ನೋಡಿ ಕಾಲ ಹೇಳೋಕಾಗಲ್ಲ, ಗುಂಪು ಗೊತ್ತಿರಲೇಬೇಕು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಹೆಚ್ಚು ಟೈಮ್ ಕೊಡಬೇಕಾದ ಜಾಗ ಇದೇ.

ಆಮೇಲೆ ಡಿಕ್ಷನರಿಯಲ್ಲಿ ಪ್ರತಿ ಕ್ರಿಯಾಪದಕ್ಕೂ ಸಾಮಾನ್ಯವಾಗಿ ನಾಲ್ಕು ರೂಪ ಕೊಟ್ಟಿರ್ತಾರೆ, ನಾಲ್ಕನ್ನೂ ಒಟ್ಟಿಗೆ ಜೋರಾಗಿ ಹೇಳ್ಕೊಂಡು ಕಲೀಬೇಕು, ಬೇರೆ ದಾರಿ ಇಲ್ಲ. ತೊಲ್ಲೋ, ತೊಲ್ಲೆರೆ, ಸುಸ್ತುಲೀ, ಸುಬ್ಲಾತುಮ್, ಇದನ್ನ ಯಾರು ತಾನೇ ಊಹಿಸ್ತಾರೆ ಹೇಳಿ. ಮೂರನೇದು ಭೂತಕಾಲಕ್ಕೆ, ನಾಲ್ಕನೇದು ಕರ್ಮಣಿ ಭೂತಕಾಲಕ್ಕೆ. ಕ್ರೇದೋದಲ್ಲಿ 'ಸೆಪುಲ್ತುಸ್ ಎಸ್ತ್' ಬರುತ್ತೆ, ಸೆಪೆಲೀರೆ ಅಂದ್ರೆ ಹೂಳೋದು, ಅದರ ನಾಲ್ಕನೇ ರೂಪ ಸೆಪುಲ್ತುಮ್. 'ಎಸ್ತ್' ಅಂದ್ರೆ 'ಇದ್ದಾನೆ' ಆದ್ರೂ ಎರಡೂ ಸೇರಿದಾಗ 'ಹೂಳಲ್ಪಟ್ಟ' ಅಂತ ಅರ್ಥ.

ಅದೇ ಕ್ರೇದೋದಲ್ಲಿ 'ಲೊಕೂತುಸ್ ಎಸ್ತ್' ಅಂತಲೂ ಇದೆ, ನೋಡೋಕೆ ಕರ್ಮಣಿ ಥರಾನೇ, ಅರ್ಥ ಮಾತ್ರ 'ಮಾತಾಡಿದ'. ಇಂಥವು ಡಿಕ್ಷನರಿಯಲ್ಲಿ ಲೊಕ್ವೊರ್, ಕೊನ್ಫಿತೆಯೊರ್ ಅಂತ 'ಒರ್'ನಿಂದ ಮುಗಿದಿರುತ್ತೆ, ಅವಕ್ಕೆ ನೋಟ್ಸಲ್ಲಿ ಬೇರೆ ಪೇಜೇ ಮಾಡಿದೀನಿ, ಈಗ ಅದನ್ನ ತುಂಬಿಸ್ತಾ ಇದೀನಿ.