ರೆವಿಟ್‌ನಲ್ಲಿ ಎಡಗೈಗೂ ಕೆಲಸ ಕೊಡಿ

ಕಟ್ಟಡಗಳ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಒಂದು ಗೋಡೆ ಎಳೆಯೋಕೆ ಮೌಸನ್ನು ಮೇಲಿನ ರಿಬ್ಬನ್‌ವರೆಗೆ (ಬಟನ್‌ಗಳ ಸಾಲು) ಒಯ್ದು, ಸರಿಯಾದ ಟ್ಯಾಬ್ ಹುಡುಕಿ, ಬಟನ್ ಒತ್ತಿ, ಮತ್ತೆ ಡ್ರಾಯಿಂಗ್‌ಗೆ ವಾಪಸ್ ಬರಬೇಕು. ದಿನಕ್ಕೆ ಎಷ್ಟು ಸಲ ಹೀಗೆ ಓಡಾಡ್ತೀರಿ? ಆ ಹೊತ್ತಿನಲ್ಲೆಲ್ಲ ಎಡಗೈ ಸುಮ್ನೆ ಕೂತಿರುತ್ತದೆ.

ಅದರ ಬದಲು ಕೀಬೋರ್ಡ್‌ನಲ್ಲಿ ಡಬ್ಲ್ಯೂ ಎ ಒತ್ತಿದರೆ ಗೋಡೆ. ಡಿ ಆರ್ ಬಾಗಿಲು, ಡಬ್ಲ್ಯೂ ಎನ್ ಕಿಟಕಿ. ಎರಡೂ ಕೀ ಒಟ್ಟಿಗೆ ಹಿಡಿಯೋದು ಬೇಡ, ಒಂದಾದ ಮೇಲೆ ಒಂದು ಒತ್ತಿ. ಆಟೋಕ್ಯಾಡ್ ಎಂಬ ಇನ್ನೊಂದು ಡ್ರಾಯಿಂಗ್ ಸಾಫ್ಟ್‌ವೇರ್‌ನಿಂದ ಬಂದವರಿಗೆ ಒಂದು ಮಾತು: ಅಲ್ಲಿ ಗೆರೆ ಎಳೆಯೋಕೆ ಎಲ್ ಒತ್ತಿದ ಮೇಲೆ ಎಂಟರ್ ಅಥವಾ ಸ್ಪೇಸ್ ಒತ್ತಬೇಕು ಅಲ್ವಾ, ಇಲ್ಲಿ ಅದು ಬೇಡ, ಎರಡನೇ ಅಕ್ಷರ ಬಿದ್ದ ತಕ್ಷಣ ಕಮಾಂಡ್ ಶುರು.

ಉದ್ದದ ಪಟ್ಟಿ ಹಿಡಿದು ಬಾಯಿಪಾಠ ಮಾಡಬೇಡಿ, ಎರಡು ದಿನದಲ್ಲಿ ಮರೆತುಹೋಗುತ್ತದೆ. ನೀವು ಜಾಸ್ತಿ ಒತ್ತುವ ಬಟನ್ ಯಾವುದು ನೋಡಿ, ಅದರ ಮೇಲೆ ಮೌಸ್ ನಿಲ್ಲಿಸಿ. ಶಾರ್ಟ್‌ಕಟ್ ಇದ್ದರೆ ಅಲ್ಲೇ ಕಾಣುತ್ತದೆ. ಒಂದು ವಾರ ಆ ಬಟನ್ ಮುಟ್ಟದೆ ಕೀಲಿಯಿಂದಲೇ ಮಾಡಿ, ಆಮೇಲೆ ಇನ್ನೊಂದು ಕಲಿಯಿರಿ.

ನನಗೆ ಎಲ್ಲಕ್ಕಿಂತ ಇಷ್ಟ ಸಿ ಎಸ್. ಈಗಾಗಲೇ ಇಟ್ಟಿರುವ ಬಾಗಿಲನ್ನು ಸೆಲೆಕ್ಟ್ ಮಾಡಿ ಸಿ ಎಸ್ ಒತ್ತಿದರೆ ಅದೇ ಟೈಪ್‌ನ ಇನ್ನೊಂದು ಬಾಗಿಲು ಮೌಸ್‌ಗೆ ಅಂಟಿಕೊಂಡು ಬರುತ್ತದೆ, ಉದ್ದ ಪಟ್ಟಿಯಲ್ಲಿ ಟೈಪ್ ಹುಡುಕುವ ಕೆಲಸವೇ ಇಲ್ಲ. ಇಡುವ ಮುಂಚೆ ಸ್ಪೇಸ್‌ಬಾರ್ ಒತ್ತಿ, ಬಾಗಿಲು ತೆರೆಯುವ ದಿಕ್ಕು ಬದಲಾಗುತ್ತದೆ. ಎ ಎಲ್ ಅಂದ್ರೆ ಅಲೈನ್, ಅಂದರೆ ಒಂದನ್ನು ಇನ್ನೊಂದರ ಸಾಲಿಗೆ ತರೋದು: ಮೊದಲ ಕ್ಲಿಕ್ ಯಾವ ಗೆರೆಗೆ ಸೇರಬೇಕೋ ಅದರ ಮೇಲೆ, ಎರಡನೆಯದು ಜರುಗಬೇಕಾದ ವಸ್ತುವಿನ ಮೇಲೆ. ಉಲ್ಟಾ ಮಾಡಿದರೆ ಜರುಗಬಾರದ ಗೋಡೆ ಜರುಗುತ್ತದೆ. ಟ್ಯಾಬ್ ಕೀಲಿಯನ್ನೂ ಮರೆಯಬೇಡಿ. ಒಂದು ಗೋಡೆಯ ಮೇಲೆ ಮೌಸ್ ಇಟ್ಟು ಟ್ಯಾಬ್ ಒತ್ತಿ, ಜೋಡಿಕೊಂಡ ಗೋಡೆಗಳೆಲ್ಲ ಒಟ್ಟಿಗೆ ಹೊಳೆದಾಗ ಕ್ಲಿಕ್ ಮಾಡಿದರೆ ಇಡೀ ಸಾಲು ಸೆಲೆಕ್ಟ್ ಆಗುತ್ತದೆ.

ಈಗ ಹುಷಾರಾಗಿ ಬಳಸಬೇಕಾದ ಜೋಡಿ. ಎಚ್ ಎಚ್ ಒತ್ತಿದರೆ ಸೆಲೆಕ್ಟ್ ಆದದ್ದು ತಾತ್ಕಾಲಿಕವಾಗಿ ಮರೆಯಾಗುತ್ತದೆ, ವ್ಯೂ (ನೀವು ತೆರೆದಿರುವ ಡ್ರಾಯಿಂಗ್) ಸುತ್ತ ತಿಳಿ ನೀಲಿ ಚೌಕಟ್ಟು ಬರುತ್ತದೆ, ಎಚ್ ಆರ್ ಒತ್ತಿದರೆ ಎಲ್ಲ ವಾಪಸ್. ಇ ಎಚ್ ಹಾಗಲ್ಲ. ಅದು ಆ ವ್ಯೂನಲ್ಲಿ ಉಳಿದುಕೊಳ್ಳುವ ಹೈಡ್, ಯಾವ ಚೌಕಟ್ಟೂ ಎಚ್ಚರಿಸೋದಿಲ್ಲ. ನಾನೊಮ್ಮೆ ಅವಸರದಲ್ಲಿ ಇ ಎಚ್ ಒತ್ತಿ ಎರಡು ಕಂಬ ಮರೆಮಾಡಿದ್ದೆ. ಪ್ರಿಂಟ್ ಆದ ಶೀಟ್ ನೋಡಿದಾಗಲೇ ಗೊತ್ತಾಗಿದ್ದು. ಏನಾದರೂ ಕಾಣೆಯಾಗಿದೆ ಅನ್ನಿಸಿದರೆ ಆರ್ ಎಚ್ ಒತ್ತಿ. ಮರೆಯಾದ ವಸ್ತುಗಳು ಕೆನ್ನೇರಳೆ ಬಣ್ಣದಲ್ಲಿ ಕಾಣುತ್ತವೆ. ಬೇಕಾದದ್ದನ್ನು ಸೆಲೆಕ್ಟ್ ಮಾಡಿ ಇ ಯು ಒತ್ತಿ, ಮತ್ತೆ ಆರ್ ಎಚ್ ಒತ್ತಿ ಹೊರಗೆ ಬನ್ನಿ.

ಕೊನೆಗೆ ಕೆ ಎಸ್. ಇದು ಶಾರ್ಟ್‌ಕಟ್‌ಗಳನ್ನೇ ಬದಲಿಸುವ ಕಿಟಕಿ ತೆರೆಯುತ್ತದೆ. ಕಾಪಿಗೆ ಮೊದಲಿನಿಂದಲೂ ಸಿ ಓ, ಸಿ ಸಿ ಎರಡೂ ಇವೆ. ನಾನು ಸಿ ಸಿ ಬಳಸುತ್ತೇನೆ, ಯಾಕಂದ್ರೆ ಓ ಕೀಲಿ ಬಲಗಡೆ ಇದೆ, ಅದಕ್ಕೆ ಮೌಸ್ ಬಿಡಬೇಕಾಗುತ್ತದೆ. ನಿಮ್ಮದನ್ನು ಮಾಡಿಕೊಳ್ಳುವಾಗಲೂ ಎಡಗೈಗೆ ಸಿಗುವ ಅಕ್ಷರಗಳನ್ನೇ ಆರಿಸಿ. ಒಂದೇ ಜೋಡಿಯನ್ನು ಎರಡು ಕಮಾಂಡ್‌ಗೆ ಕೊಡಬೇಡಿ. ಕೊಟ್ಟರೆ ಕೆಳಗಿನ ಸ್ಟೇಟಸ್ ಬಾರ್ ನೋಡಿ, ಬಾಣದ ಕೀಲಿಯಿಂದ ಆರಿಸಿ, ಸ್ಪೇಸ್ ಒತ್ತಬೇಕಾಗುತ್ತದೆ, ಉಳಿಸಿದ ಸಮಯ ಅಲ್ಲೇ ಹೋಯ್ತು. ಎಲ್ಲ ಸರಿ ಅನ್ನಿಸಿದ ಮೇಲೆ ಅದೇ ಕಿಟಕಿಯಲ್ಲಿ ಎಕ್ಸ್‌ಪೋರ್ಟ್ ಮಾಡಿ ಎಕ್ಸ್‌ಎಂಎಲ್ ಫೈಲನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಬೇರೆ ಕಂಪ್ಯೂಟರ್‌ಗೆ ಹೋದಾಗ ಇಂಪೋರ್ಟ್ ಮಾಡಿದರೆ ಸಾಕು.